ಬ್ರೇಕ್ ಒತ್ತಿದಾಗ ಗಾಡಿ ನಡುಗುವುದೇಕೆ?

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣದ ಬರಹ ರೂಪ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಹನ್ನೆರಡು ವರ್ಷ ಕೊಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ದುಡಿದು, ಊರಿಗೆ ಬಂದು ಗ್ಯಾರೇಜು ಇಟ್ಟುಕೊಂಡವನು ನಾನು. ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು "ಹುಡುಗರಿಗೆ ಉಪಯೋಗವಾಗುವಂಥ ಯಾವುದಾದರೂ ವಿಷಯ ಮಾತಾಡಿ" ಎಂದಾಗ, ವಿಷಯ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳಿಂದ ನನ್ನಲ್ಲಿಗೆ ಬರುವ ಗಾಡಿಗಳ ಮಾಲೀಕರು ಹೇಳುವ ದೂರುಗಳಲ್ಲಿ ಒಂದು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಬ್ರೇಕ್ ಒತ್ತಿದರೆ ಗಾಡಿ ಗಡಗಡ ನಡುಗುತ್ತದೆ." ಇಷ್ಟು ಸಾಮಾನ್ಯವಾದ ದೂರು ಇಷ್ಟು ಸಲ ತಪ್ಪಾಗಿ ರಿಪೇರಿಯಾಗುವುದು ಬೇರೊಂದಿಲ್ಲ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಆ ತಪ್ಪಿನಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಯುವಕನೊಬ್ಬ ರಜೆಯ ಮೇಲೆ ಊರಿಗೆ ಬಂದಿದ್ದ. ನೌಕರಿ ಕೊಲ್ಲಿಯಲ್ಲಿ. ಅವನ ಕಾರು ಒಂಬತ್ತು ತಿಂಗಳಿಂದ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ನಿಂತಿತ್ತು. ಒಂದು ಪೂರ್ತಿ ಮಳೆಗಾಲ ಅದು ಒಂದು ಅಡಿಯೂ ಕದಲಿರಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿಸಿ, ಗಾಳಿ ತುಂಬಿಸಿ, ಮೂರನೆಯ ದಿನವೇ ತಾಯಿ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಜೋಗಕ್ಕೆ ಹೊರಟ. ಹೋಗುವಾಗ ಏರು ದಾರಿ, ಏನೂ ತಿಳಿಯಲಿಲ್ಲ. ಸಂಜೆ ಹಿಂತಿರುಗುವಾಗ ಮಾವಿನಗುಂಡಿ ದಾಟಿ ಗೇರುಸೊಪ್ಪದ ಕಡೆಗೆ ಘಟ್ಟ ಇಳಿಯತೊಡಗಿದ ಮೇಲೆ ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತೆ ನಡುಗಿತು. ತಿರುವಿನಲ್ಲಿ ಬ್ರೇಕ್ ಒತ್ತಲು ಹೆದರಿಕೆ, ಒತ್ತದಿದ್ದರೆ ಇನ್ನೂ ಹೆದರಿಕೆ. ಹಿಂದೆ ಕುಳಿತ ತಾಯಿ ಕಣ್ಣು ಮುಚ್ಚಿಕೊಂಡವರು ಶರಾವತಿಯ ದಡದ ಸಮತಟ್ಟು ರಸ್ತೆ ಸಿಗುವವರೆಗೂ ತೆರೆಯಲಿಲ್ಲವಂತೆ.

ಮರುದಿನ ಕಾರು ನನ್ನ ಗ್ಯಾರೇಜಿಗೆ ಬಂತು. ಚಕ್ರ ಬಿಚ್ಚಿ ನೋಡಿದೆ. ಡಿಸ್ಕಿನ ಮೇಲೆ ಪ್ಯಾಡ್ ಕುಳಿತಿದ್ದ ಜಾಗದ ಆಕಾರದಲ್ಲೇ ತುಕ್ಕಿನ ಅಚ್ಚು ಮೂಡಿತ್ತು. "ಡಿಸ್ಕ್ ಬೆಂಡಾಗಿದೆ" ಎಂದೆ. ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಅದು. ಎರಡೂ ಡಿಸ್ಕ್ ಲೇತಿಗೆ ಕಳಿಸಿ ಸಮ ಮಾಡಿಸಿ ಹಾಕಿದೆ. ನಡುಕ ಹೋಯಿತು. ನಾನೂ ಸಂತೋಷಪಟ್ಟೆ. ಅವನು ರಜೆ ಮುಗಿಸಿ ಹೋದ ಮೇಲೆ ತಮ್ಮ ಕಾರು ಓಡಿಸುತ್ತಿದ್ದ. ನಾಲ್ಕೈದು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡುಕ ತಿರುಗಿ ಬಂತು. ಈ ಸಲ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದೆ. ಮತ್ತೆ ಸರಿಯಾಯಿತು. ಮತ್ತೆ ಸುಮಾರು ಅಷ್ಟೇ ಓಡಿದ ಮೇಲೆ ಅದೇ ದೂರು. ಆಗ ಆ ಹುಡುಗ ನನ್ನ ಮುಖ ನೋಡಿ "ಭಾಯಿ, ನೀವು ಹಾಕಿದ್ದು ಒರಿಜಿನಲ್ ಸಾಮಾನು ಹೌದಾ?" ಎಂದು ಕೇಳಿದ. ಸಾಮಾನು ಒರಿಜಿನಲ್ಲೇ ಇತ್ತು. ನನ್ನ ಪರೀಕ್ಷೆ ಮಾತ್ರ ಒರಿಜಿನಲ್ ಇರಲಿಲ್ಲ.

ಆ ದಿನ ರಾತ್ರಿ ಗ್ಯಾರೇಜ್ ಮುಚ್ಚಿದ ಮೇಲೆ, ಕೊಲ್ಲಿಯಿಂದ ತಂದು ಪೆಟ್ಟಿಗೆಯಲ್ಲೇ ಇಟ್ಟಿದ್ದ ಡಯಲ್ ಗೇಜ್ ಹೊರತೆಗೆದೆ. ಅದರಿಂದ ಏನು ಸಿಕ್ಕಿತು ಎಂಬುದನ್ನು ಹೇಳುವ ಮೊದಲು, ನಡುಕ ಎಂದರೇನು ಎಂಬುದನ್ನು ನೀವು ತಿಳಿದುಕೊಳ್ಳಬೇಕು.

ಡಿಸ್ಕ್ ಬ್ರೇಕ್ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಎಂಬ ಇಂಜಿನಿಯರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. 1953ರ ಲೆ ಮಾನ್ಸ್ ಓಟದಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿದ ಜಾಗ್ವಾರ್ ಕಾರು ಗೆದ್ದ ಮೇಲೆ ಜಗತ್ತು ಅದನ್ನು ಗಂಭೀರವಾಗಿ ನೋಡಿತು. ನಮ್ಮ ಹಿರಿಯರು ಓಡಿಸಿದ ಹಳೆಯ ಅಂಬಾಸಡರುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಇರುತ್ತಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆಯೇ ಡಿಸ್ಕ್. ನೀವು ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿ ಎರಡು ಪ್ಯಾಡುಗಳಿಂದ ಆ ತಟ್ಟೆಯನ್ನು ಎರಡೂ ಕಡೆಯಿಂದ ಅದುಮುತ್ತದೆ. ತಟ್ಟೆಯ ದಪ್ಪ ಸುತ್ತಲೂ ಒಂದೇ ಸಮ ಇದ್ದರೆ ಹಿಡಿತವೂ ಒಂದೇ ಸಮ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ, ಪ್ರತಿ ಸುತ್ತಿಗೊಮ್ಮೆ ಹಿಡಿತ ಬಿಗಿಯಾಗಿ ಸಡಿಲವಾಗುತ್ತದೆ. ಅದೇ ನಡುಕ. ಪೆಡಲಿನ ಎಣ್ಣೆಯ ಮೂಲಕ ನಿಮ್ಮ ಪಾದಕ್ಕೆ, ಸ್ಟೇರಿಂಗ್ ರಾಡುಗಳ ಮೂಲಕ ನಿಮ್ಮ ಕೈಗೆ ಅದು ಬಂದು ತಲುಪುತ್ತದೆ.

ದಪ್ಪದಲ್ಲಿ ಎಷ್ಟು ವ್ಯತ್ಯಾಸವಿದ್ದರೆ ತಿಳಿಯುತ್ತದೆ ಎಂದು ಕೇಳಿದರೆ ನೀವು ಬೆರಗಾಗುತ್ತೀರಿ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಸಾಕು, ಅಂದರೆ 0.01ರಿಂದ 0.02 ಮಿಲಿಮೀಟರ್. ನಮ್ಮ ತಲೆಗೂದಲಿನ ದಪ್ಪದ ಅರ್ಧ ಭಾಗದಷ್ಟೂ ಇಲ್ಲ. ಇದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ "ಡಿಸ್ಕ್ ಚೆನ್ನಾಗಿದೆ" ಎನ್ನುವ ಮೆಕ್ಯಾನಿಕ್ ಊಹೆ ಮಾಡುತ್ತಿದ್ದಾನೆ, ಅಷ್ಟೇ. ಮೈಕ್ರೋಮೀಟರ್ ಹಿಡಿದು ಡಿಸ್ಕಿನ ಸುತ್ತ ಎಂಟು ಜಾಗದಲ್ಲಿ ದಪ್ಪ ಅಳೆದು ಕಾಗದದ ಮೇಲೆ ಬರೆದರೆ ಮಾತ್ರ ನಿಜ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ವಿದ್ಯಾರ್ಥಿಗಳು ಕೇಳಬೇಕಾದದ್ದು: ಈ ನಡುಕ 80ರ ವೇಗದಲ್ಲಿ ಜೋರಾಗಿ, 40ಕ್ಕೆ ಇಳಿದಾಗ ಹೆಚ್ಚುಕಡಿಮೆ ಮಾಯವಾಗುವುದೇಕೆ? ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಸಣ್ಣ ಕಾರಿನ ಟಯರಿನ ಸುತ್ತಳತೆ ಸುಮಾರು 1.8 ಮೀಟರ್ ಎಂದಿಟ್ಟುಕೊಳ್ಳಿ. ಚಕ್ರ ಸೆಕೆಂಡಿಗೆ ಹನ್ನೆರಡು ಸುತ್ತು ಸುತ್ತುತ್ತದೆ. ಡಿಸ್ಕಿನಲ್ಲಿ ಒಂದು ಉಬ್ಬು ಇದ್ದರೆ ಸೆಕೆಂಡಿಗೆ ಹನ್ನೆರಡು ತಳ್ಳು. ಕಾರಿನ ಮುಂಭಾಗದ ಸಸ್ಪೆನ್ಷನ್ ಮತ್ತು ಸ್ಟೇರಿಂಗಿಗೆ ತಮ್ಮದೇ ಒಂದು ತೂಗಾಟದ ಲಯವಿದೆ. ಅದು ಸುಮಾರಾಗಿ ಈ ಆಸುಪಾಸಿನಲ್ಲೇ ಇರುತ್ತದೆ. ಜೋಕಾಲಿ ಹಿಂದೆ ಬಂದ ಹೊತ್ತಿಗೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಏರಿಸುತ್ತದಲ್ಲವೇ? ಹಾಗೆಯೇ ಇದು. 40ರ ವೇಗದಲ್ಲಿ ಸೆಕೆಂಡಿಗೆ ಆರೇ ತಳ್ಳು, ಲಯ ತಪ್ಪುತ್ತದೆ, ನಡುಕ ಅಡಗುತ್ತದೆ. ಕಾಯಿಲೆ ವಾಸಿಯಾಯಿತು ಎಂದಲ್ಲ. ಪಾಠಪುಸ್ತಕದಲ್ಲಿ 'ಅನುರಣನ' ಎಂದು ಬಾಯಿಪಾಠ ಮಾಡಿದ್ದು ಇದೇ. ಪರೀಕ್ಷೆ ಬರೆದ ಮೇಲೆ ಮರೆತುಬಿಡುವ ನಮ್ಮ ಹುಡುಗರು ಅದು ದಿನವೂ ತಮ್ಮ ಅಂಗೈಯಲ್ಲಿ ನಡೆಯುತ್ತಿದೆ ಎಂಬುದನ್ನು ನೋಡುವುದಿಲ್ಲ.

ಈಗ ಪರೀಕ್ಷೆಯ ಕ್ರಮಕ್ಕೆ ಬರುತ್ತೇನೆ. ಕೊಲ್ಲಿಯ ನಮ್ಮ ವರ್ಕ್‌ಶಾಪಿನಲ್ಲಿ ಒಂದು ನಿಯಮವಿತ್ತು. ಜಾಬ್ ಕಾರ್ಡಿನಲ್ಲಿ ಗಾಡಿಯವನ ದೂರನ್ನು ಅವನ ಮಾತಿನಲ್ಲೇ ಬರೆಯಬೇಕು. ನಮ್ಮ ತೀರ್ಮಾನ ಬರೆಯುವಂತಿಲ್ಲ. 'ಡಿಸ್ಕ್ ಬದಲಾಯಿಸು' ಎಂದು ಬರೆದರೆ ಸೂಪರ್‌ವೈಸರ್ ಕಾರ್ಡ್ ಹರಿದು ಹಾಕುತ್ತಿದ್ದರು. 'ಬ್ರೇಕ್ ಒತ್ತಿದಾಗ ನಡುಗುತ್ತದೆ' ಎಂದು ಬರೆದು, ನಂತರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ಆಮೇಲೆ ಪಾನಾ ಹಿಡಿಯಬೇಕು. ಇಲ್ಲಿಗೆ ಬಂದ ಮೇಲೆ ನಾನೇ ಆ ನಿಯಮ ಮರೆತಿದ್ದೆ.

ಮೊದಲ ಪ್ರಶ್ನೆ: ಬ್ರೇಕ್ ಒತ್ತದೆ ಇದ್ದಾಗಲೂ ನಡುಗುತ್ತದೆಯೇ? ಹೌದೆಂದರೆ ಬ್ರೇಕನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೇರಿಂಗ್ ಅದುರಿದರೆ ವೀಲ್ ಬ್ಯಾಲೆನ್ಸಿಂಗ್, ಟಯರಿನ ಉಬ್ಬು, ರಿಮ್ಮಿನ ಬೆಂಡು ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಎಂದರೆ ಎರಡನೆಯ ಪ್ರಶ್ನೆ: ಎಲ್ಲಿ ನಡುಗುತ್ತದೆ? ಸ್ಟೇರಿಂಗಿನಲ್ಲಿ ಎಂದರೆ ಹೆಚ್ಚಾಗಿ ಮುಂದಿನ ಚಕ್ರಗಳು. ಸೀಟಿನಲ್ಲಿ, ನೆಲದಲ್ಲಿ, ಬೆನ್ನಿಗೆ ತಿಳಿಯುತ್ತದೆ ಎಂದರೆ ಹಿಂದಿನ ಡ್ರಮ್ ಇರಬಹುದು. ಇದನ್ನು ಖಚಿತ ಮಾಡಿಕೊಳ್ಳಲು ಒಂದು ಉಪಾಯವಿದೆ. ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಒಣಗಿದ, ನೇರವಾದ, ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಮೂವತ್ತು, ನಲವತ್ತರ ವೇಗದಲ್ಲಿ ಹ್ಯಾಂಡ್ ಬ್ರೇಕಿನ ಗುಂಡಿ ಅದುಮಿಯೇ ಹಿಡಿದು, ಮೆಲ್ಲಗೆ, ಅತಿ ಮೆಲ್ಲಗೆ ಎಳೆಯಿರಿ. ನಡುಕ ಬಂದರೆ ಕಾಯಿಲೆ ಹಿಂದೆ. ಬಾರದಿದ್ದರೆ ಮುಂದೆ ಹುಡುಕಿ. ಮಳೆ ನೀರಿರುವ ರಸ್ತೆಯಲ್ಲಿ ಇದನ್ನು ಖಂಡಿತ ಮಾಡಬೇಡಿ, ಗಾಡಿ ತಿರುಗಿ ನಿಲ್ಲುತ್ತದೆ. ಗುಂಡಿ ಒತ್ತಿದರೆ ಮೋಟರಿನಿಂದ ಹಿಡಿಯುವ ಹೊಸ ಕಾರುಗಳಲ್ಲಿಯೂ ಈ ಪ್ರಯೋಗ ಬೇಡ. ಹಿಂದೆ 17 ಎಂದು ಕರೆಯುತ್ತಿದ್ದ, ಈಗ 66 ಎಂದಾಗಿರುವ ನಮ್ಮ ಹೆದ್ದಾರಿಯಂತೂ ಇಂಥ ಪರೀಕ್ಷೆಗೆ ಜಾಗವೇ ಅಲ್ಲ; ಹಿಂದೆ ಮೀನಿನ ಲಾರಿ ಬರುತ್ತಿರುತ್ತದೆ.

ಮೂರನೆಯದು: ತಣ್ಣಗಿರುವಾಗ ನಡುಗುತ್ತದೆಯೋ, ಬಿಸಿಯಾದ ಮೇಲೋ? ಬೆಳಿಗ್ಗೆ ಮೊದಲ ಬ್ರೇಕಿನಿಂದಲೇ ಒಂದೇ ಸಮನೆ ನಡುಗಿದರೆ ಡಿಸ್ಕಿನ ದಪ್ಪ ಏರುಪೇರಾಗಿದೆ ಎನ್ನಬಹುದು. ಘಟ್ಟ ಇಳಿದ ಮೇಲೆ, ವಾಸನೆ ಬರುವಷ್ಟು ಕಾದ ಮೇಲೆ ಮಾತ್ರ ನಡುಗಿದರೆ ಅದು ಬೇರೆ ಜಾತಿ. ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆಗಳಿವೆಯೇ ನೋಡಿ. ಅತಿಯಾದ ಶಾಖದಿಂದ ಬೀಡು ಕಬ್ಬಿಣದ ಒಳರಚನೆಯೇ ಆ ಜಾಗಗಳಲ್ಲಿ ಬದಲಾಗಿ ಗಡಸಾಗಿರುತ್ತದೆ. ಅಂಥ ಡಿಸ್ಕನ್ನು ಲೇತಿಗೆ ಹಾಕಿ ಮೇಲ್ಮೈ ತೆಗೆದರೂ ಗಡಸು ಆಳದಲ್ಲಿ ಉಳಿದು, ಕೆಲವೇ ದಿನಗಳಲ್ಲಿ ಅಲ್ಲೇ ಉಬ್ಬು ಮತ್ತೆ ಕಾಣಿಸುತ್ತದೆ. ಅದನ್ನು ಬದಲಾಯಿಸಲೇಬೇಕು.

ಘಟ್ಟದಲ್ಲಿ ಬ್ರೇಕಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. 1,200 ಕಿಲೋ ತೂಕದ ಕಾರು 80ರ ವೇಗದಿಂದ ಪೂರ್ತಿ ನಿಲ್ಲುವಾಗ ಬ್ರೇಕು ನುಂಗುವ ಶಕ್ತಿ ಸುಮಾರು 3 ಲಕ್ಷ ಜೂಲ್. ಅದೇ ಕಾರು ಗೇರುಸೊಪ್ಪ ಘಟ್ಟದಲ್ಲೋ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲೋ 500 ಮೀಟರ್ ಎತ್ತರ ಇಳಿಯಿತೆಂದರೆ ಸುಮಾರು 59 ಲಕ್ಷ ಜೂಲ್. ಇಪ್ಪತ್ತು ಸಲ 80ರಿಂದ ನಿಲ್ಲಿಸಿದ ಹಾಗಾಯಿತು. ಗಾಳಿಯ ಮತ್ತು ಟಯರಿನ ತಡೆ ಸ್ವಲ್ಪ ಪಾಲು ತೆಗೆದುಕೊಳ್ಳುತ್ತದೆ. ಉಳಿದದ್ದನ್ನು ಎಂಜಿನ್ ಹೊರಬೇಕೋ ಬ್ರೇಕ್ ಹೊರಬೇಕೋ ಎಂದು ತೀರ್ಮಾನಿಸುವುದು ನಿಮ್ಮ ಎಡಗೈ ಹಿಡಿದಿರುವ ಗೇರ್. ಎರಡನೇ ಗೇರಿನಲ್ಲಿ ಇಳಿದವನ ಡಿಸ್ಕು ಬಹುಕಾಲ ಬಾಳುತ್ತದೆ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವವರನ್ನು ನಾನು ನೋಡಿದ್ದೇನೆ. ಅವರು ಉಳಿಸುವುದೇನೂ ಇಲ್ಲ. ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಇಂಧನ ತಾನಾಗಿ ನಿಲ್ಲುತ್ತದೆ.

ಘಟ್ಟದ ಬುಡ ತಲುಪಿದ ಮೇಲಿನ ಐದು ನಿಮಿಷವೂ ಮುಖ್ಯ. ಗೇರುಸೊಪ್ಪದಲ್ಲೋ ಕತಗಾಲದಲ್ಲೋ ಚಹಾ ಕುಡಿಯಲು ನಿಲ್ಲಿಸುತ್ತೀರಿ. ಕಾದ ಡಿಸ್ಕನ್ನು ಪ್ಯಾಡ್ ಬಿಗಿಯಾಗಿ ಹಿಡಿದು ನಿಂತರೆ ಪ್ಯಾಡಿನ ಪದಾರ್ಥ ಆ ಒಂದು ಜಾಗಕ್ಕೆ ಮೆತ್ತಿಕೊಂಡು ಅಚ್ಚು ಮೂಡುತ್ತದೆ. ಕಾದ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟರೆ, ಎರಡು ಕಡೆಯಿಂದ ಲೈನರ್ ಒತ್ತಿ ಹಿಡಿದ ಸ್ಥಿತಿಯಲ್ಲೇ ಅದು ತಣಿದು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ನಿಲ್ಲಿಸುವ ಹಳೆಯ ಡ್ರೈವರುಗಳ ಪದ್ಧತಿಗೆ ಈ ಕಾರಣವೂ ಉಂಟು. ಹಾಗೆಯೇ, ಬಿಸಿ ಚಕ್ರಕ್ಕೆ ಪೈಪಿನಿಂದ ತಣ್ಣೀರು ಹೊಡೆಸಬೇಡಿ.

ಸರಿ, ನನ್ನ ಡಯಲ್ ಗೇಜಿನ ಕಥೆಗೆ ಬರೋಣ. ಚಕ್ರ ತೆಗೆದು, ನಟ್ಟುಗಳಿಂದ ಡಿಸ್ಕನ್ನು ಹಬ್ಬಿಗೆ ಬಿಗಿದು, ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತಾಗಿಸಿ, ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದೆ. ಮುಳ್ಳು 0.12 ಮಿಲಿಮೀಟರ್ ಆಡಿತು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 0.05ರಿಂದ 0.10ರ ಒಳಗಿರಬೇಕು. ಅಂದರೆ ಡಿಸ್ಕ್ ಓಲಾಡುತ್ತಿದೆ. ಓಲಾಡುತ್ತಿರುವುದು ಡಿಸ್ಕೋ ಅಥವಾ ಅದು ಕುಳಿತಿರುವ ಪೀಠವೋ? ಅತಿ ಹೆಚ್ಚು ಉಬ್ಬಿದ ಜಾಗಕ್ಕೆ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿದೆ. ಡಿಸ್ಕ್ ಬಿಚ್ಚಿ ಎರಡು ತೂತು ಆಚೆ ತಿರುಗಿಸಿ ಕೂರಿಸಿ ಮತ್ತೆ ಅಳೆದೆ. ಉಬ್ಬು ಡಿಸ್ಕಿನ ಗುರುತಿನ ಜೊತೆ ಹೋಗಿದ್ದರೆ ತಪ್ಪು ಡಿಸ್ಕಿನದು. ಅದು ಹೋಗಲಿಲ್ಲ. ಹಬ್ಬಿನ ಗುರುತಿನ ಎದುರೇ ನಿಂತಿತು.

ಡಿಸ್ಕ್ ತೆಗೆದು ಟಾರ್ಚ್ ಹಿಡಿದು ನೋಡಿದರೆ ಹಬ್ಬಿನ ಮುಖದ ಮೇಲೆ, ಒಂದು ಬೋಲ್ಟಿನ ಬುಡದಲ್ಲಿ, ತುಕ್ಕಿನ ಒಂದು ಚಕ್ಕೆ. ದಪ್ಪ ಇದ್ದದ್ದು ಅರಕೆ ಕಾಗದದಷ್ಟು. ಆ ಒಂಬತ್ತು ತಿಂಗಳ ನಿಲುಗಡೆಯ ಮಳೆ, ಸಮುದ್ರದ ಉಪ್ಪುಗಾಳಿ ಅದನ್ನು ಬೆಳೆಸಿದ್ದವು. ಹಬ್ಬಿನ ಅಗಲ 13 ಸೆಂಟಿಮೀಟರ್, ಡಿಸ್ಕಿನ ಅಗಲ 23 ಸೆಂಟಿಮೀಟರ್ ಎಂದುಕೊಂಡರೆ, ಹಬ್ಬಿನ ಅಂಚಿನಲ್ಲಿ 0.07 ಮಿಲಿಮೀಟರ್ ಎತ್ತಿದ್ದು ಡಿಸ್ಕಿನ ಅಂಚಿಗೆ ಹೋಗುವಾಗ 0.12 ಆಗುತ್ತದೆ. ಏಣಿಯ ಬುಡ ಒಂದು ಬೆರಳು ಸರಿದರೆ ತುದಿ ಒಂದು ಗೇಣು ವಾಲುವ ಹಾಗೆ.

ಹಾಗಾದರೆ ಹೊಸ ಡಿಸ್ಕ್ ಹಾಕಿದ ದಿನವೇ ಏಕೆ ನಡುಗಲಿಲ್ಲ? ಈ ಪ್ರಶ್ನೆಯೇ ನನ್ನನ್ನು ಎರಡು ಸಲ ಮೋಸಗೊಳಿಸಿದ್ದು. ಓಲಾಟ ಮಾತ್ರ ಇದ್ದರೆ ಕ್ಯಾಲಿಪರ್ ಡಿಸ್ಕಿನ ಜೊತೆ ಆಚೀಚೆ ಸರಿದು ಹೊಂದಿಕೊಳ್ಳುತ್ತದೆ. ದಪ್ಪ ಇನ್ನೂ ಸಮವಿರುವುದರಿಂದ ನಡುಕ ಇಲ್ಲ. ಆದರೆ ನೀವು ಬ್ರೇಕ್ ಒತ್ತದೆ ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಓಲಾಡುವ ಆ ಡಿಸ್ಕ್ ಪ್ರತಿ ಸುತ್ತಿನಲ್ಲೂ ಅದೇ ಒಂದು ಜಾಗದಲ್ಲಿ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸವರು. ಐದು ಸಾವಿರ ಕಿಲೋಮೀಟರಿಗೆ ಇಪ್ಪತ್ತೇಳು ಲಕ್ಷಕ್ಕೂ ಹೆಚ್ಚು. ಅಷ್ಟು ಸವರಿದ ಮೇಲೆ ಆ ಜಾಗ ನೂರರಲ್ಲಿ ಎರಡು ಭಾಗ ತೆಳುವಾಗದೆ ಇರುತ್ತದೆಯೇ? ನಡುಕ ಕಾಣಿಸಿಕೊಂಡದ್ದು ಆ ದಿನ, ಕಾರಣ ಹುಟ್ಟಿದ್ದು ಡಿಸ್ಕ್ ಕೂರಿಸಿದ ದಿನ, ಕೂರಿಸಿದ ನನ್ನ ಕೈಯಲ್ಲೇ. ಲೇತಿನವನು ತಿರುಗಿಸಿ ಕೊಟ್ಟ ಡಿಸ್ಕ್ ಸಮವಾಗಿಯೇ ಇತ್ತು. ಕಂಪನಿಯ ಹೊಸ ಡಿಸ್ಕೂ ಸಮವಾಗಿಯೇ ಇತ್ತು. ಎರಡನ್ನೂ ನಾನು ತುಕ್ಕಿನ ಮೇಲೆ ಕೂರಿಸಿದ್ದೆ.

ವೈರ್ ಬ್ರಷ್ಷಿನಿಂದ ಹಬ್ಬಿನ ಮುಖ, ಬೋಲ್ಟುಗಳ ಬುಡ, ಡಿಸ್ಕಿನ ಒಳಮುಖ ಎಲ್ಲ ಲೋಹ ಹೊಳೆಯುವವರೆಗೆ ಉಜ್ಜಿದೆ. ಅರ್ಧ ಗಂಟೆಯ ಕೆಲಸ. ಮತ್ತೆ ಅಳೆದರೆ 0.03. ಡಿಸ್ಕ್ ಸಮ ಮಾಡಿಸಿ ಹಾಕಿದ ಮೇಲೆ ಆ ಕಾರು ಮತ್ತೆ ನಡುಕದ ದೂರಿಗಾಗಿ ನನ್ನಲ್ಲಿಗೆ ಬರಲಿಲ್ಲ. ಹಣದ ವಿಷಯ ಹೇಳಿಬಿಡುತ್ತೇನೆ: ಎರಡನೆಯ ಸಲದ ಡಿಸ್ಕ್-ಪ್ಯಾಡಿನ ಮೊತ್ತ ಹಿಂತಿರುಗಿಸಲು ಹೋದೆ, ಆ ಹುಡುಗ ತೆಗೆದುಕೊಳ್ಳಲಿಲ್ಲ. ಆದರೆ ಅವನ ತಾಯಿ ಇಂದಿಗೂ ಘಟ್ಟದ ಮೇಲೆ ಹೋಗುವುದಿದ್ದರೆ ಬಸ್ಸಿನಲ್ಲೇ ಹೋಗುತ್ತಾರೆ. ಅದನ್ನು ನಾನು ಯಾವ ಗೇಜಿನಿಂದ ಸರಿಪಡಿಸಲಿ?

ಹಬ್ಬಿನ ತುಕ್ಕಿನಷ್ಟೇ ದೊಡ್ಡ ಇನ್ನೊಂದು ಕಾರಣ ವೀಲ್ ನಟ್. ಪಂಚರ್ ಹಾಕುವಲ್ಲಿ ಹುಡುಗ ಪಾನಾದ ಮೇಲೆ ನಿಂತು ಕುಣಿದು ಬಿಗಿಯುತ್ತಾನೆ. ದೊಡ್ಡ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ 'ಟರ್ರ್' ಎಂದು ಒಂದೇ ಉಸಿರಿಗೆ. ಒಂದು ನಟ್ ಅತಿ ಬಿಗಿ, ಪಕ್ಕದ್ದು ಸಡಿಲವಾದರೆ ಡಿಸ್ಕ್ ಸೆಟೆದುಕೊಂಡು ಓಲಾಟ ಶುರುವಾಗುತ್ತದೆ. ನಂತರದ ಕಥೆ ನಿಮಗೆ ಈಗ ಗೊತ್ತು. ನಟ್ಟುಗಳನ್ನು ಎದುರು ಬದುರು ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ, ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಗಾಡಿಗೆ ಎಷ್ಟು ಎಂಬುದು ಅದರ ಕೈಪಿಡಿಯಲ್ಲಿದೆ. ಆ ಕೈಪಿಡಿ ಬಹುತೇಕರ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರಿನಿಂದಲೂ ಹೊರಬಂದಿರುವುದಿಲ್ಲ.

ಬ್ರೇಕಿನದಲ್ಲದ, ಬ್ರೇಕ್ ಒತ್ತಿದಾಗ ಮಾತ್ರ ಬಯಲಾಗುವ ಕಾಯಿಲೆಗಳೂ ಇವೆ. ಲೋವರ್ ಆರ್ಮಿನ ಬುಶ್ ಹರಿದಿದ್ದರೆ, ಬಾಲ್ ಜಾಯಿಂಟ್ ಸವೆದಿದ್ದರೆ, ವೀಲ್ ಬೇರಿಂಗ್ ಆಟ ಬಿಟ್ಟಿದ್ದರೆ ಡಿಸ್ಕಿನ ಅತಿ ಸಣ್ಣ ಏರುಪೇರೂ ದೊಡ್ಡ ನಡುಕವಾಗುತ್ತದೆ. ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ನಂತರ ಎಡ ಬಲ ಹಿಡಿದು ಅಲುಗಿಸಿ. 'ಟಕ್' ಎಂದರೆ ಡಿಸ್ಕಿನ ಯೋಚನೆ ಆಮೇಲೆ. ಹೊಂಡ ಬಿದ್ದ ರಸ್ತೆಯಲ್ಲಿ ಒಂದು ಮಳೆಗಾಲ ಓಡಿದ ಗಾಡಿಗೆ ಈ ಪರೀಕ್ಷೆಯನ್ನು ನಾನು ಮೊದಲೇ ಮಾಡುತ್ತೇನೆ.

ನಡುಕವೆಲ್ಲ ಕಾಯಿಲೆಯೂ ಅಲ್ಲ. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ 'ಗರ್' ಎಂದು ಕೇಳಿ ನಿಂತುಹೋದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ತಾನಾಗಿ ಸವೆಯುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಕಟಕಟ ಹೊಡೆಯುತ್ತದೆ. ಅದು ಆ ಯಂತ್ರ ತನ್ನ ಕೆಲಸ ಮಾಡುತ್ತಿರುವ ಸದ್ದು. ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ. ಆದರೆ ಒಣ ರಸ್ತೆಯಲ್ಲಿ, ಗಾಡಿ ಇನ್ನೇನು ನಿಲ್ಲಬೇಕು ಎನ್ನುವಷ್ಟು ನಿಧಾನದಲ್ಲಿ ಹಾಗೆ ಹೊಡೆದರೆ ಚಕ್ರದ ಬಳಿಯ ಸೆನ್ಸರ್ ಅಥವಾ ಅದರ ಹಲ್ಲಿನ ಬಳೆಗೆ ತುಕ್ಕು ಹಿಡಿದಿರಬಹುದು. ನಮ್ಮ ಕರಾವಳಿಯಲ್ಲಿ ಇದು ಅಪರೂಪವಲ್ಲ.

ಬೈಕ್ ಓಡಿಸುವ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಂತಲ್ಲೇ ಮುಂದಿನ ಬ್ರೇಕ್ ಬಿಗಿಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ ನೋಡಿ. ಹ್ಯಾಂಡಲಿನ ಬುಡದಲ್ಲಿ 'ಟಕ್ ಟಕ್' ಎಂದು ಬೆರಳಿಗೆ ತಿಳಿದರೆ ಕೋನ್ ಸೆಟ್ ಸಡಿಲವಾಗಿದೆ. ಡಿಸ್ಕ್ ಬದಲಿಸಿ ಫಲವಿಲ್ಲ. ಬಿದ್ದ ಬೈಕಿನಲ್ಲಿ, ಡಿಸ್ಕ್ ಲಾಕ್ ತೆಗೆಯದೆ ಓಡಿಸಿದ ಬೈಕಿನಲ್ಲಿ ಮಾತ್ರ ಡಿಸ್ಕ್ ನಿಜವಾಗಿ ಬೆಂಡಾಗಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದು ಸವೆದ ಟಯರಿಗೆ ಪರಿಹಾರವಲ್ಲ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಯಾವಾಗ ಓಡಿಸಲೇಬಾರದು? ಟಯರ್ ಬದಲಿಸಿದ ಮರುದಿನವೇ ನಡುಕ ಶುರುವಾದರೆ ಅಲ್ಲೇ ನಿಲ್ಲಿಸಿ ನಟ್ ನೋಡಿ, ಚಕ್ರ ಕಳಚುವ ಮುನ್ನ ಹೀಗೇ ಆಗುತ್ತದೆ. ನಡುಕದ ಜೊತೆ ಗಾಡಿ ಒಂದು ಕಡೆಗೆ ಎಳೆದರೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ, ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ ಬಂದರೆ, ಮನೆಗೆ ಇನ್ನು ಎರಡೇ ಕಿಲೋಮೀಟರ್ ಎಂದು ಲೆಕ್ಕ ಹಾಕಬೇಡಿ. ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಬಟ್ಟಲಿನ ಮೇಲೆ ಕನಿಷ್ಠ ದಪ್ಪದ ಸಂಖ್ಯೆ ಅಚ್ಚಾಗಿರುತ್ತದೆ, ಡ್ರಮ್ಮಿನಲ್ಲಿ ಗರಿಷ್ಠ ಒಳ ಅಗಲದ್ದು. ಲೇತಿಗೆ ಕಳಿಸುವ ಮೊದಲು ಆ ಸಂಖ್ಯೆ ಓದಿ. ಅದನ್ನು ಮೀರಿದ್ದನ್ನು ಸಮ ಮಾಡಿಕೊಡುವವನು ನಿಮ್ಮ ಹಣ ಉಳಿಸುತ್ತಿಲ್ಲ.

ರಜೆ ಮುಗಿಸಿ ಹೊರದೇಶಕ್ಕೆ ಮರಳುವವರ ಮನೆಯವರು ಇಲ್ಲಿ ಇದ್ದೀರಿ. ಕಾರು ನಿಲ್ಲಿಸುವ ದಿನ ತೊಳೆಸಿದರೆ ಸ್ವಲ್ಪ ದೂರ ಓಡಿಸಿ, ಬ್ರೇಕ್ ಒಣಗಿಸಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಹಾಕಿ ಕಲ್ಲು ಕೊಡಿ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಎಂಜಿನ್ ಶುರು ಮಾಡಿ ಹತ್ತು ನಿಮಿಷ ಬಿಡುತ್ತಾರೆ, ಅದು ಬ್ಯಾಟರಿಗಾಗಿ. ಬ್ರೇಕಿಗೆ ಅದರಿಂದ ಏನೂ ಆಗುವುದಿಲ್ಲ. ಐದಾರು ಕಿಲೋಮೀಟರ್ ಓಡಿಸಿ, ಹತ್ತು ಸಲ ಬ್ರೇಕ್ ಒತ್ತಿ ತಂದು ನಿಲ್ಲಿಸಬೇಕು. ಮತ್ತೆ ಊರಿಗೆ ಬಂದಾಗ ಮೊದಲ ಪ್ರಯಾಣ ಜೋಗಕ್ಕೆ ಬೇಡ. ಶಿರಾಲಿಯೋ ಮುರ್ಡೇಶ್ವರವೋ, ಸಮತಟ್ಟು ದಾರಿಯಲ್ಲಿ ಎರಡು ದಿನ ಓಡಿಸಿ ನೋಡಿ.

ಡಯಲ್ ಗೇಜನ್ನು ಜೊತೆಯಲ್ಲೇ ತಂದಿದ್ದೇನೆ. ಹೊರಗೆ ಅಂಗಳದಲ್ಲಿ ಒಂದು ಕಾರಿನ ಮುಂದಿನ ಎಡ ಚಕ್ರ ಬಿಚ್ಚಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೇವೆ. ಅದರ ಹಬ್ಬನ್ನು ನಾನು ಉಜ್ಜಿಲ್ಲ. ಮುಳ್ಳು ಎಷ್ಟು ಆಡುತ್ತದೆಂದು ನನಗೂ ಗೊತ್ತಿಲ್ಲ. ಐದೈದು ಮಂದಿಯಾಗಿ ಬನ್ನಿ, ಸಂಖ್ಯೆಯನ್ನು ನೀವೇ ಓದಿ ಹೇಳಿ.